ಸಾಹಿತ್ಯ ಉತ್ಸವದ ಒಂದು ದಿನವನ್ನು ಅತಿಥಿ ಕ್ಯುರೇಟರ್‌ಗೆ ಒಪ್ಪಿಸಿದವರು ಇದ್ದೀರಾ? ಅನುಭವ ಹೇಳಿ

ಹೊಸ ಸಂಚಾಲಕಿ:
ನಮ್ಮ ಉತ್ಸವದ ಸಮಿತಿ ಈ ಸಲ ಸಣ್ಣ ವೇದಿಕೆಯ ಒಂದು ಇಡೀ ದಿನವನ್ನು ಒಬ್ಬ ಕವಿಗೆ ಒಪ್ಪಿಸಿದೆ. ಯಾರನ್ನು ಕರೆಯಬೇಕು, ಏನೇನು ನಡೆಯಬೇಕು ಎಲ್ಲವೂ ಅವರದೇ ಆಯ್ಕೆ. ಅವರ ಮೊದಲ ಪಟ್ಟಿ ಬಂದಿದೆ: ಬೆಳಗಿನ ನಡಿಗೆಯೊಂದಿಗೆ ಕವಿತಾ ವಾಚನ, ಅನುವಾದ ಕಮ್ಮಟ, ನಾಲ್ವರ ಸಂವಾದ, ಮಕ್ಕಳೊಂದಿಗೆ ಕಥೆ ಕಟ್ಟುವ ಆಟ, ಎಲ್ಲರೂ ಒಟ್ಟಿಗೆ ಕುಳಿತು ತಮ್ಮ ತಮ್ಮ ಪುಸ್ತಕ ಓದುವ ಮೌನ ಓದು, ರಾತ್ರಿ ಸಂಗೀತದೊಡನೆ ವಾಚನ. ನನಗಿರುವುದು ಮೂರು ಪ್ರಶ್ನೆ. ಭಿನ್ನಾಭಿಪ್ರಾಯ ಬಂದರೆ ಕೊನೆಯ ಮಾತು ಯಾರದು? ಕ್ಯುರೇಟರ್‌ಗೆ ಗೌರವಧನ, ಅವರೇ ವೇದಿಕೆ ಹತ್ತಿದರೆ ಅದಕ್ಕೆ ಬೇರೆ ಗೌರವಧನ ಎಂದು ಎರಡು ಕೊಡಬೇಕೇ? ಕಮ್ಮಟಕ್ಕೆ ಎಷ್ಟು ಜನರನ್ನು ಸೇರಿಸಬಹುದು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ತೆರೆಮರೆ:
ಮೇಡಂ, ಸ್ವಾತಂತ್ರ್ಯ ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಅದರ ಬಿಲ್ಲು ಯಾರ ಮೇಜಿಗೆ ಬರುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ನಾವು ಕರೆದ ಕಾದಂಬರಿಕಾರರು ಕಳುಹಿಸಿದ್ದು ಒಂದೇ ಪುಟ. ಪ್ರತಿ ಹೆಸರಿನ ಮುಂದೆ ‘ಹಳೆಯ ಸ್ನೇಹಿತರು, ಖಂಡಿತ ಬರುತ್ತಾರೆ’ ಎಂಬ ಟಿಪ್ಪಣಿ. ನಾವು ಫೋನ್ ಮಾಡಿದಾಗ ಅರ್ಧದಷ್ಟು ಸ್ನೇಹಿತರಿಗೆ ವಿಷಯವೇ ಗೊತ್ತಿರಲಿಲ್ಲ. ಒಬ್ಬರಂತೂ ‘ಅವರು ಇನ್ನೂ ಬರೆಯುತ್ತಿದ್ದಾರೆಯೇ?’ ಎಂದು ಕೇಳಿದರು.

ರಾತ್ರಿಯ ಕಾರ್ಯಕ್ರಮದ ಲೆಕ್ಕ ನನಗೆ ಈಗಲೂ ಬಾಯಿಪಾಠ. ವಾಚನದೊಂದಿಗೆ ಪಿಯಾನೊ ಬೇಕೆಂದರು. ಕೀಬೋರ್ಡ್ ಸಾಲದು, ಪಿಯಾನೊವೇ ಆಗಬೇಕು. ಬಾಡಿಗೆ ಒಂದು, ಸಾಗಿಸುವವರ ಕೂಲಿ ಇನ್ನೊಂದು. ಜಾಗ ಬದಲಿಸಿದ ಪಿಯಾನೊ ಶ್ರುತಿ ತಪ್ಪುತ್ತದೆ, ಹಾಗಾಗಿ ಇಳಿಸಿದ ಮೇಲೆ ಒಮ್ಮೆ ಶ್ರುತಿ, ತಾಲೀಮು ಮುಗಿದು ವೇದಿಕೆಯ ದೀಪಗಳ ಕಾವು ತಗುಲಿದ ಮೇಲೆ ಮತ್ತೊಮ್ಮೆ. ಕಾರ್ಯಕ್ರಮ ತಡವಾಗಿ ಆರಂಭವಾದ್ದರಿಂದ ಸಭಾಂಗಣಕ್ಕೆ ತಾಸಿನ ಲೆಕ್ಕದಲ್ಲಿ ಹೆಚ್ಚುವರಿ ಬಾಡಿಗೆ, ಬೆಳಕಿನವರಿಗೂ ಧ್ವನಿಯವರಿಗೂ ಹೆಚ್ಚುವರಿ ಸಮಯದ ಕೂಲಿ. ವಾದಕರ ವೀಸಾ ತಡವಾಗಿ ಬಂತು, ಮೊದಲು ಕೊಂಡ ಟಿಕೆಟ್ ಹಣ ಹಿಂತಿರುಗಿಸುವಂಥದ್ದಲ್ಲ, ಅದು ಹೋಯಿತು. ಸಂಜ್ಞಾ ಭಾಷೆಯ ದುಭಾಷಿಗಳು ಇಬ್ಬರು ಬೇಕು, ಏಕೆಂದರೆ ಒಬ್ಬರೇ 20–30 ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಸಮನೆ ಮಾಡಿದರೆ ಕೈಯೂ ಮನಸ್ಸೂ ಸೋಲುತ್ತವೆ. ವೇದಿಕೆಯಲ್ಲಿ ಓದುವ ಪಠ್ಯವನ್ನು ದುಭಾಷಿಗಳು ಮುಂಚಿತವಾಗಿ ಕೇಳಿದರು, ನ್ಯಾಯವೇ. ನಮ್ಮ ಕ್ಯುರೇಟರ್ ‘ಏನು ಓದಬೇಕೆಂದು ವೇದಿಕೆಯ ಮೇಲೆ ಹೊಳೆಯುತ್ತದೆ’ ಎಂದರು. ಹೊಳೆಯಿತು ಕೂಡ. ದುಭಾಷಿಗಳು ಪಟ್ಟ ಪಾಡನ್ನು ಕೇಳಬೇಡಿ.

ಒಟ್ಟಿನಲ್ಲಿ ಸಣ್ಣ ವೇದಿಕೆಗೆಂದು ಇಟ್ಟಿದ್ದ ಹಣದ ಮೂರನೆಯ ಒಂದು ಭಾಗವನ್ನು ಆ ಒಂದು ರಾತ್ರಿ ನುಂಗಿತು. ಮರುದಿನದ ಪತ್ರಿಕೆಯಲ್ಲಿ ಅದೇ ಕಾರ್ಯಕ್ರಮದ ಫೋಟೊ ಬಂತು. ಸಮಿತಿಯವರೆಲ್ಲ ಆ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ, ಬಿಲ್ಲುಗಳು ನನ್ನ ಬಳಿ ಇವೆ.

ಒಮ್ಮೆ ಅತಿಥಿ:
ತೆರೆಮರೆಯವರ ಲೆಕ್ಕದಲ್ಲಿ ಪಿಯಾನೊಗೆ ಎರಡು ಸಲ ಶ್ರುತಿ ಮಾಡಿಸಿದ ಸಾಲಿದೆ, ಕ್ಯುರೇಟರ್‌ಗೆ ಏನು ಕೊಟ್ಟಿರಿ ಎಂಬ ಸಾಲೇ ಇಲ್ಲ. ಅಲ್ಲಿಗೆ ಅರ್ಥವಾಯಿತು.

ನಾನು ಆ ಕುರ್ಚಿಯಲ್ಲಿ ಕುಳಿತವಳು. ದುಡಿಮೆಯ ನಡುವೆ ಬರೆಯುವವರನ್ನು, ಅಂದರೆ ಚಾಲಕರು, ದಾದಿಯರು, ಕಾರ್ಖಾನೆಯವರು, ಇಂಥವರನ್ನು ಒಂದೆಡೆ ಸೇರಿಸಬೇಕೆಂದು ಯೋಜಿಸಿದ್ದೆ. ‘ಪೂರ್ಣ ಸ್ವಾತಂತ್ರ್ಯ’ ಎಂದು ಪತ್ರದಲ್ಲಿ ಬರೆದು ಕಳುಹಿಸಿದ್ದರು. ಮೊದಲ ಕರಡಿಗೆ ‘ಅದ್ಭುತ’ ಎಂದರು. ಎರಡನೆಯದಕ್ಕೆ ‘ಒಂದಿಬ್ಬರು ಪರಿಚಿತ ಮುಖಗಳು ಇದ್ದರೆ ಚೆನ್ನ’ ಎಂದರು. ಮೂರನೆಯ ಹೊತ್ತಿಗೆ ನನ್ನ ನಿರೂಪಕಿಯನ್ನು ಬದಲಿಸಿ ವಾರ್ತಾವಾಹಿನಿಯವರೊಬ್ಬರನ್ನು ಕೂರಿಸಿದ್ದರು. ರಜೆ ಹಾಕಿ ಬರಬೇಕಾದ ಬರಹಗಾರರಿಗೆ ವಾರದ ನಡುವಿನ ಮಧ್ಯಾಹ್ನ ಕೊಟ್ಟರು. ಮುಖ್ಯ ವೇದಿಕೆಯಲ್ಲಿ ಉತ್ಸವದ ಅತಿ ದೊಡ್ಡ ಹೆಸರು ಮಾತನಾಡುತ್ತಿದ್ದದ್ದೂ ಅದೇ ಹೊತ್ತಿಗೆ. ಆಹ್ವಾನ ಪತ್ರಿಕೆಯಲ್ಲಿ ಮಾತ್ರ ನನ್ನ ಫೋಟೊ ಅಂಗೈಯಗಲ. ಬಂದ ಬರಹಗಾರರು ನನ್ನನ್ನು ಕೇಳಿದರು, ‘ಇದು ನಿಮ್ಮ ಆಯ್ಕೆಯೇ?’ ಎಂದು. ಏನು ಹೇಳಲಿ?

ಹೆಸರು ಮಾತ್ರ ಬೇಕಿದ್ದರೆ ಹೆಸರು ಮಾತ್ರ ಬೇಕು ಎಂದು ಹೇಳಿ, ಅದಕ್ಕೂ ಒಂದು ದರ ಇಡೋಣ. ನಿಜವಾಗಿ ಬಿಟ್ಟುಕೊಡುವ ಉತ್ಸವಗಳು ಲೋಕದಲ್ಲಿ ಇಲ್ಲವೆಂದಲ್ಲ. ಲಂಡನ್ನಿನ ಸೌತ್‌ಬ್ಯಾಂಕ್ ಕಲಾಕೇಂದ್ರದ ಮೆಲ್ಟ್‌ಡೌನ್ ಸಂಗೀತೋತ್ಸವ 1993ರಿಂದ ಪ್ರತಿ ಆವೃತ್ತಿಯನ್ನೂ ಒಬ್ಬ ಕಲಾವಿದರ ಕೈಗೆ ಕೊಡುತ್ತಿದೆ. ಇಂಗ್ಲೆಂಡಿನ ಕಲೋತ್ಸವವಾದ ಬ್ರೈಟನ್ ಉತ್ಸವ 2009ರಲ್ಲಿ ಶಿಲ್ಪಿ ಅನೀಶ್ ಕಪೂರ್ ಅವರಿಂದ ಅತಿಥಿ ನಿರ್ದೇಶಕರ ಪದ್ಧತಿ ಶುರುಮಾಡಿತು. ಅಲ್ಲಿ ಮುಂದೆ ಮೈಕೆಲ್ ರೋಸನ್, ಅಲಿ ಸ್ಮಿತ್, ಲೆಮ್ ಸಿಸೇ ಇವರಂಥ ಬರಹಗಾರರೂ ಆ ಸ್ಥಾನದಲ್ಲಿದ್ದರು.

ತೆರೆಮರೆ:
ಅಮ್ಮಾ, ಬ್ರೈಟನ್ ಉತ್ಸವಕ್ಕೆ ವರ್ಷವಿಡೀ ಸಂಬಳ ಪಡೆಯುವ ತಂಡವಿದೆ. ಅತಿಥಿ ನಿರ್ದೇಶಕರು ಕನಸು ಕಾಣುತ್ತಾರೆ, ಆ ತಂಡ ಎಚ್ಚರವಿರುತ್ತದೆ. ನಮ್ಮಲ್ಲಿ ತಂಡ ಎಂದರೆ ನಾನು, ಒಂದು ಲ್ಯಾಪ್‌ಟಾಪ್, ಮತ್ತು ಪರೀಕ್ಷೆ ಹತ್ತಿರವಾದಂತೆ ಕಣ್ಮರೆಯಾಗುವ ಸ್ವಯಂಸೇವಕರು. ಗೌರವಧನ ಕೊಟ್ಟಿದ್ದೇವೆ, ಮೊತ್ತ ಇಲ್ಲಿ ಹೇಳುವುದು ಮರ್ಯಾದೆಯಲ್ಲ.

ಒಮ್ಮೆ ಅತಿಥಿ:
ನಾನು ನಿಮಗೆ ಅಮ್ಮನಲ್ಲ. ಮೊತ್ತ ಹೇಳದಿರುವ ಮರ್ಯಾದೆಯಿಂದಲೇ ಬರಹಗಾರರು ಬಡವರಾಗಿರುವುದು. ಇಂಗ್ಲಿಷ್ ಕಾದಂಬರಿಕಾರ ಫಿಲಿಪ್ ಪುಲ್‌ಮನ್ ಆಕ್ಸ್‌ಫರ್ಡ್ ಸಾಹಿತ್ಯ ಉತ್ಸವದ ಪೋಷಕ ಸ್ಥಾನ ಬಿಟ್ಟದ್ದು 2016ರಲ್ಲಿ, ಅಲ್ಲಿ ಮಾತನಾಡುವ ಲೇಖಕರಿಗೆ ಹಣ ಕೊಡುವುದಿಲ್ಲ ಎಂಬ ಕಾರಣಕ್ಕೆ. ಶಾಮಿಯಾನದವರಿಗೆ, ಮುದ್ರಕರಿಗೆ, ಧ್ವನಿಯವರಿಗೆ ಕೊಡುತ್ತೀರಿ, ಯಾರ ಮಾತು ಕೇಳಲು ಜನ ಬರುತ್ತಾರೋ ಅವರಿಗೆ ಮಾತ್ರ ಶಾಲು. ಕ್ಯುರೇಟರ್ ಕೆಲಸ ತಿಂಗಳುಗಟ್ಟಲೆ ಪತ್ರ ಬರೆಯುವ ಕೆಲಸ. ವೇದಿಕೆಯ ಒಂದು ತಾಸು ಬೇರೆ, ಅದು ಬೇರೆ.

ಅನುವಾದಕ:
ಹಣದ ಜಗಳ ನೀವು ಮಾಡಿಕೊಳ್ಳಿ. ಅನುವಾದ ಎಂಬ ಪದ ಕಂಡದ್ದರಿಂದ ಬಂದೆ.

ನನ್ನ ಪ್ರಕರಣ ಕೇಳಿ. ಒಬ್ಬ ಅತಿಥಿ ಕ್ಯುರೇಟರ್ ಹಳೆಯ ವಿದೇಶಿ ಕವಿಯೊಬ್ಬರ ವಾಚನ ಸಂಜೆ ಏರ್ಪಡಿಸಿದರು. ಕವಿ ತೀರಿಕೊಂಡು ಶತಮಾನ ಕಳೆದಿದೆ, ಹಕ್ಕಿನ ತಕರಾರಿಲ್ಲ ಎಂದು ಯಾರನ್ನೂ ಕೇಳಲಿಲ್ಲ. ಓದಿದ್ದು ಮಾತ್ರ ನನ್ನ ಅನುವಾದ. ಮೂಲದ ಹಕ್ಕು ತೀರಿದರೂ ಅನುವಾದಕ್ಕೆ ಅದರದೇ ಹಕ್ಕುಸ್ವಾಮ್ಯವಿದೆ, ಅನುವಾದಕನ ಆಯಸ್ಸಿನ ಮೇಲೆ ಅದರ ಲೆಕ್ಕ. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಪ್ರಕಾರ ಸಾಮಾನ್ಯ ನಿಯಮ ಕರ್ತೃವಿನ ನಿಧನಾನಂತರ ಕನಿಷ್ಠ 50 ವರ್ಷ, ಭಾರತದಲ್ಲಿ 60, ಬ್ರಿಟನ್ನಿನಲ್ಲಿ 70. ನಾನು ಇನ್ನೂ ಸತ್ತಿಲ್ಲ, ಲೆಕ್ಕವೇ ಆರಂಭವಾಗಿಲ್ಲ. ಪರದೆಯ ಮೇಲೆ ಸಾಲುಗಳನ್ನು ತೋರಿಸಿದರು, ವಿಡಿಯೊ ಮಾಡಿ ಅಂತರ್ಜಾಲಕ್ಕೆ ಏರಿಸಿದರು, ನನ್ನ ಹೆಸರು ಎಲ್ಲಿಯೂ ಇಲ್ಲ. ಕಾರ್ಯಕ್ರಮದ ಪುಸ್ತಿಕೆಯಲ್ಲಿ ಹೂ ಅಲಂಕರಿಸಿದವರ ಹೆಸರಿತ್ತು. ಪತ್ರ ಬರೆದರೆ ಸಮಿತಿ ಕ್ಯುರೇಟರ್ ಕಡೆ ಬೆರಳು ತೋರಿಸಿತು, ಕ್ಯುರೇಟರ್ ‘ಅನುಮತಿ ಕಚೇರಿಯ ಕೆಲಸ’ ಎಂದರು. ಕಡೆಗೆ ವಿಡಿಯೊ ತೆಗೆದರು, ಕ್ಷಮೆ ಕೇಳಲಿಲ್ಲ.

ಸ್ಥಳದಲ್ಲಿ ಓದಲು, ಪರದೆಯ ಮೇಲೆ ತೋರಿಸಲು, ಧ್ವನಿಮುದ್ರಿಸಿ ಹಂಚಲು ಬೇರೆ ಬೇರೆ ಅನುಮತಿ ಬೇಕಾಗುತ್ತದೆ. ಅದನ್ನು ತರುವ ಹೊಣೆ ಯಾರದೆಂದು ಒಪ್ಪಂದದಲ್ಲಿ ಬರೆಯಿರಿ.

ನಿರೂಪಕ:
ನಾಲ್ವರ ಸಂವಾದ ಎಂಬುದನ್ನು ಯಾರೂ ಗಮನಿಸಲಿಲ್ಲವೇ? ಅತಿಥಿ ಕ್ಯುರೇಟರ್‌ಗಳ ದೊಡ್ಡ ಕಾಯಿಲೆ ಇದೇ. ಯಾರನ್ನೂ ಬಿಡಲಾಗದು, ಎಲ್ಲ ಸ್ನೇಹಿತರೂ ಒಂದೇ ಗೋಷ್ಠಿಗೆ ಬರಬೇಕು. 45 ನಿಮಿಷದಲ್ಲಿ ಪರಿಚಯಕ್ಕೆ 5, ಸಭಿಕರ ಪ್ರಶ್ನೆಗೆ 10 ಕಳೆಯಿರಿ. ಉಳಿದ 30ನ್ನು ನಾಲ್ವರಿಗೆ ಹಂಚಿದರೆ ತಲಾ ಏಳೂವರೆ ನಿಮಿಷ, ಅದೂ ನಿರೂಪಕ ಬಾಯಿಯನ್ನೇ ತೆರೆಯದಿದ್ದರೆ. ನಾನು ನಡೆಸಿದ ಗೋಷ್ಠಿಯಲ್ಲಿ ಕ್ಯುರೇಟರ್ ಐವರನ್ನು ಕೂರಿಸಿ, ತಾವೂ ಒಂದು ಕುರ್ಚಿ ಎಳೆದುಕೊಂಡರು. ಮೈಕು ಮೂರು. ಒಬ್ಬ ಕಥೆಗಾರ್ತಿಗೆ ಸಿಕ್ಕಿದ್ದು ಒಂದೇ ಉತ್ತರದ ಅವಕಾಶ. ಅವರು ಅದರಲ್ಲಿ ‘ನನ್ನನ್ನು ಯಾಕೆ ಕರೆದಿರಿ?’ ಎಂದರು, ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ಬಂದ ಮೇಲೆ ಕಾರ್ಯಕ್ರಮ ಯಶಸ್ವಿ ಎಂದು ವರದಿಯಲ್ಲಿ ಬರೆದರು. ಇಬ್ಬರಿಗಿಂತ ಹೆಚ್ಚು ಬೇಡ.

ಕಮ್ಮಟದ ಮೇಷ್ಟರು:
ನಾನು ಹೆಮ್ಮೆಯಿಂದ ಹೇಳುತ್ತೇನೆ, ನನ್ನ ಕಮ್ಮಟಕ್ಕೆ 15 ಮಂದಿಗಿಂತ ಹೆಚ್ಚು ಸೇರಿಸಲು ಒಪ್ಪಲಿಲ್ಲ. ಎರಡು ತಾಸಿನಲ್ಲಿ ಪ್ರತಿಯೊಬ್ಬರೂ ಬರೆದದ್ದನ್ನು ಓದಿ ಹೇಳಬೇಕಾದರೆ ಅದೇ ಮಿತಿ, 12 ಇದ್ದರೆ ಇನ್ನೂ ಒಳ್ಳೆಯದು. ಕ್ಯುರೇಟರ್ 50 ಕುರ್ಚಿ ಹಾಕಿಸಿದ್ದರು, ಹೆಚ್ಚಾದವನ್ನು ನಾನೇ ಎತ್ತಿ ಹೊರಗಿಟ್ಟೆ. ಪ್ರಾಯೋಜಕರಿಗೆ ಜನಸಂದಣಿಯ ಫೋಟೊ ಬೇಕಿತ್ತಂತೆ. ಸಿಗಲಿಲ್ಲ. ಅಲ್ಲಿ ಬರೆದ ಒಂದು ಕಥೆ ಮುಂದೆ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇನ್ನೊಂದು ಮಾತು. ಉಚಿತ ಪ್ರವೇಶ ಇಡಬೇಡಿ. ಉಚಿತವಾಗಿ ಹೆಸರು ನೋಂದಾಯಿಸಿದವರು ಮಳೆ ಬಂದರೆ ಬರುವುದಿಲ್ಲ, ಬಿಸಿಲಿದ್ದರೂ ಬರುವುದಿಲ್ಲ. ಒಂದಿಷ್ಟು ಠೇವಣಿ ತೆಗೆದುಕೊಂಡು ಬಂದವರಿಗೆ ಹಿಂತಿರುಗಿಸಿ.

ಕೊನೆಯ ಸಾಲು:
ಮೇಷ್ಟರೇ, ಠೇವಣಿ ಕೊಡಲಾಗದವನು ಕಥೆ ಬರೆಯಬಾರದೇ? 2006ರಲ್ಲಿ ಆರಂಭವಾದ ಜೈಪುರದ ಸಾಹಿತ್ಯ ಉತ್ಸವ ಅಷ್ಟು ದೊಡ್ಡದಾಗಿ ಬೆಳೆದದ್ದೇ ಬಾಗಿಲು ಉಚಿತವಾಗಿ ತೆರೆದದ್ದರಿಂದ. ನಾನು ಉಚಿತ ಕುರ್ಚಿಗಳಲ್ಲಿ ಕುಳಿತು ಓದುಗನಾದವನು.

ಕಮ್ಮಟದ ಮೇಷ್ಟರು:
ಭಾಷಣ ಕೇಳಲು ಸಾವಿರ ಜನ ಬರಲಿ, ಬೇಡವೆಂದವರು ಯಾರು? ಕಮ್ಮಟ ಬೇರೆ. ಬ್ರಿಟನ್ನಿನಲ್ಲಿ 1988ರಿಂದ ನಡೆಯುತ್ತಿರುವ ‘ಹೇ’ ಸಾಹಿತ್ಯ ಉತ್ಸವದಲ್ಲಿ ಒಂದೊಂದು ಗೋಷ್ಠಿಗೂ ಟಿಕೆಟ್ ಮಾರುತ್ತಾರೆ. ಅಲ್ಲಿಯ ಓದುಗರೇನು ಕಡಿಮೆಯವರೇ?

ಕೊನೆಯ ಸಾಲು:
ಹೇ ಉತ್ಸವಕ್ಕೆ ಟಿಕೆಟ್ ಹಣವೊಂದೇ ಸಾಲುತ್ತಿತ್ತೇ? 2024ರಲ್ಲಿ ಭಾಷಣಕಾರರೇ ಹಿಂದೆ ಸರಿದ ಮೇಲೆ ಬೈಲಿ ಗಿಫರ್ಡ್ ಎಂಬ ಹೂಡಿಕೆ ಸಂಸ್ಥೆಯ ಪ್ರಾಯೋಜಕತ್ವವನ್ನು ಅಮಾನತಿನಲ್ಲಿಟ್ಟರು. ಅದರ ಬೆನ್ನಿಗೇ ಎಡಿನ್‌ಬರ್ಗ್ ಪುಸ್ತಕೋತ್ಸವವೂ ಅದೇ ಸಂಸ್ಥೆಯ ನಂಟು ಕಡಿದುಕೊಂಡಿತು. ಪಳೆಯುಳಿಕೆ ಇಂಧನದ ಹೂಡಿಕೆ, ಇಸ್ರೇಲ್ ನಂಟು ಎಂಬ ಆಕ್ಷೇಪ. ಇನ್ನು ಮುಂದೆ ಕ್ಯುರೇಟರ್‌ಗಳು ಪ್ರಾಯೋಜಕರ ಪಟ್ಟಿಯನ್ನೂ ಕೇಳಿಯೇ ಸಹಿ ಹಾಕುತ್ತಾರೆ, ಕೇಳಬೇಕು ಕೂಡ.

ತೆರೆಮರೆ:
ಕೇಳಲಿ. ಪ್ರಾಯೋಜಕರು ಹೋದ ಮೇಲೆ ಪಿಯಾನೊ ಬಾಡಿಗೆ ಕೊಡುವವರು ಯಾರೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಲಿ.

ಹೊಸ ಸಂಚಾಲಕಿ:
ಎಲ್ಲರಿಗೂ ಧನ್ಯವಾದ. ನಮ್ಮ ಕವಿ ಪಿಯಾನೊ ಕೇಳಿಲ್ಲ, ಒಂದು ಕೊಳಲು ಸಾಕೆಂದಿದ್ದಾರೆ. ಕಮ್ಮಟದ ಸಂಖ್ಯೆ ಗೊತ್ತಾಯಿತು, ಎರಡು ಗೌರವಧನದ ವಿಷಯವನ್ನು ಸಮಿತಿಯ ಮುಂದಿಡುತ್ತೇನೆ. ಕೊನೆಯ ಮಾತು ಯಾರದೆಂಬುದಕ್ಕೆ ಮಾತ್ರ ಇನ್ನೂ ಉತ್ತರ ಸಿಗಲಿಲ್ಲ.

ಒಮ್ಮೆ ಅತಿಥಿ:
ಸುರಕ್ಷತೆ, ಕಾನೂನು, ಒಟ್ಟು ಹಣ: ಈ ಮೂರರಲ್ಲಿ ಉತ್ಸವದ್ದು. ಹೆಸರು, ವಿಷಯ, ನಿರೂಪಕರ ಆಯ್ಕೆಯಲ್ಲಿ ಕ್ಯುರೇಟರ್‌ದು. ಸಮಯಪಟ್ಟಿ ಬದಲಿಸಿದರೆ ಅವರಿಗೆ ತಿಳಿಸಿ, ಒಪ್ಪಿಗೆ ಪಡೆದೇ ಮುದ್ರಿಸಬೇಕು. ಒಪ್ಪದಿದ್ದರೆ ತಮ್ಮ ಹೆಸರು ಹಿಂತೆಗೆದುಕೊಳ್ಳುವ ಹಕ್ಕು ಅವರಿಗಿರಬೇಕು. ನನಗೆ ಆ ಸಾಲು ಕೊಡಲಿಲ್ಲ.

ತೆರೆಮರೆ:
ಇದನ್ನು ಒಪ್ಪುತ್ತೇನೆ, ಬೇಸರದಿಂದಲೇ. ಜತೆಗೆ ಒಂದು ತಾರೀಖು ಹಾಕಿ. ಅದರ ನಂತರ ಹೊಸ ಹೆಸರಿಲ್ಲ, ಹೊಸ ವಾದ್ಯವಿಲ್ಲ. ಕೊಳಲಿಗೂ ಮೈಕು ಬೇಕು, ಬಯಲಿನಲ್ಲಿ ಗಾಳಿ ಬೀಸಿದರೆ ಮೈಕಿಗೆ ಸ್ಪಂಜಿನ ಹೊದಿಕೆಯೂ ಬೇಕು.

ಪುಸ್ತಕ ಮಳಿಗೆ:
ಇಷ್ಟು ಹೊತ್ತು ಪುಸ್ತಕ ಮಾರುವವರ ಬಗ್ಗೆ ಒಬ್ಬರಾದರೂ ಮಾತನಾಡಿದಿರಾ? ನಾನು ಮಳಿಗೆ ಇಟ್ಟ ಉತ್ಸವದಲ್ಲಿ ಕ್ಯುರೇಟರ್ ಆರಿಸಿದ ಲೇಖಕರಲ್ಲಿ ಇಬ್ಬರ ಪುಸ್ತಕ ಮುದ್ರಣದಲ್ಲೇ ಇರಲಿಲ್ಲ. ಉಳಿದವರದ್ದನ್ನು ಹಿಂತಿರುಗಿಸಬಾರದೆಂಬ ಕರಾರಿನ ಮೇಲೆ ತರಿಸಿದೆ. ಹೋಗುವ ಸಾಗಣೆ ನನ್ನದು, ಬರುವ ಸಾಗಣೆಯೂ ನನ್ನದು, ಮೇಜಿನ ಬಾಡಿಗೆಯೂ ನನ್ನದು. ಮೌನ ಓದು ಎಂದು ಒಂದು ತಾಸು ಇಟ್ಟರು. ಜನ ಮನೆಯಿಂದ ತಂದ ಪುಸ್ತಕ ಓದಿ ಎದ್ದು ಹೋದರು. ಸಂವಾದ ಮುಗಿದೊಡನೆ ಮುಂದಿನ ಕಾರ್ಯಕ್ರಮಕ್ಕೆ ಓಡಿಸಿದ್ದರಿಂದ ಸಹಿ ಮಾಡಲು ಲೇಖಕರೇ ಸಿಗಲಿಲ್ಲ. ಸಹಿಗೆಂದು ಕನಿಷ್ಠ ಅರ್ಧ ತಾಸು ಬಿಡಿ. ಇಷ್ಟರ ಮೇಲೆ ಒಬ್ಬ ಅನುವಾದಕರು ತಮ್ಮ ಚೀಲದಿಂದ ಪ್ರತಿಗಳನ್ನು ತೆಗೆದು ನನ್ನ ಮೇಜಿನ ಪಕ್ಕದಲ್ಲೇ ಅರ್ಧ ಬೆಲೆಗೆ ಮಾರಿದರು.

ಅನುವಾದಕ:
ಆ ಚೀಲ ನನ್ನದಲ್ಲ. ಆಗಿದ್ದರೂ ತಪ್ಪೇನು? ಪ್ರಕಾಶಕರು ಗೌರವಧನದ ಬದಲಿಗೆ ಪ್ರತಿಗಳನ್ನೇ ಕೊಟ್ಟರೆ ಅನುವಾದಕ ಅವನ್ನು ಎಲ್ಲಿ ಮಾರಬೇಕು? ನಿಮ್ಮ ಮಳಿಗೆಯಲ್ಲಿ ಇಟ್ಟರೆ ಕಮಿಷನ್ ಕಳೆದು ಕೈಗೆ ಬರುವುದು ಯಾವಾಗ ಎಂಬುದನ್ನೂ ಬರೆಯಿರಿ.

ಪುಸ್ತಕ ಮಳಿಗೆ:
ಮಾರಾಟವಾದ ಮೇಲೆ ಬರುತ್ತದೆ. ಅರ್ಧ ಬೆಲೆಗೆ ಪಕ್ಕದಲ್ಲೇ ಸಿಗುತ್ತಿದ್ದರೆ ನನ್ನಲ್ಲಿ ಮಾರಾಟವಾಗುವುದು ಹೇಗೆ, ಸರ್?