ಮಗಳಿಗೆ ತುಂಗಾ ಅಂತ ಹೆಸರಿಡಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಮುಂದಿನ ವಾರ ಮಗಳ ನಾಮಕರಣ. ನನ್ನ ತವರು ತೀರ್ಥಹಳ್ಳಿ, ಹೊಳೆ ನೋಡಿಕೊಂಡೇ ಬೆಳೆದವಳು ನಾನು. ತುಂಗಾ ಅಂತ ಇಡುವ ಆಸೆ. ನಮ್ಮ ಅತ್ತೆ, ಹೆಣ್ಣುಮಕ್ಕಳಿಗೆ ನದಿ ಹೆಸರು ಆಗಲ್ಲ ಅನ್ನುತ್ತಾರೆ. ಯಜಮಾನರಿಗೆ ಅದು ಅಜ್ಜಿ ಹೆಸರಿನ ಹಾಗೆ ಕೇಳಿಸುತ್ತದಂತೆ. ಈ ಹೆಸರಿನವರು ಯಾರಾದರೂ ಇದ್ದೀರಾ?

ಶಿವಮೊಗ್ಗದಿಂದ: ನಾನಿದ್ದೇನೆ! ನಲವತ್ತಾರು ವರ್ಷದಿಂದ ಇದೇ ಹೆಸರು ಹೊತ್ತಿದ್ದೇನೆ. ಒಂದನೇ ಕ್ಲಾಸಿನಿಂದ ಡಿಗ್ರಿ ತನಕ ಇನ್ನೊಬ್ಬ ತುಂಗಾ ಸಿಗಲಿಲ್ಲ. ಕಾವೇರಿಯರು ಮಾತ್ರ ಬೆಂಚಿಗೊಬ್ಬರು.

ತುಂಗ ಅಂದರೆ ಎತ್ತರ. ಉತ್ತುಂಗ ಅನ್ನುತ್ತೇವಲ್ಲ, ಅದೇ. ರಾಷ್ಟ್ರಕೂಟರ ಅಮೋಘವರ್ಷನಿಗೆ ನೃಪತುಂಗ ಅಂತ ಬಿರುದು, ಅವನಪ್ಪ ಮೂರನೇ ಗೋವಿಂದನಿಗೆ ಜಗತ್ತುಂಗ. ರಾಜರಿಗೆ ಬಿರುದಾಗಿದ್ದದ್ದು ನನಗೆ ಹೆಸರು. ನನ್ನ ಎತ್ತರ ಐದಡಿಗೆ ಒಂದಿಂಚು ಕಡಿಮೆ. ಕನ್ನಡ ಮೇಷ್ಟ್ರು ಅರ್ಥ ಬಿಡಿಸಿ ಹೇಳಿದ ದಿನ ಇಡೀ ಕ್ಲಾಸು ನನ್ನ ಕಡೆ ತಿರುಗಿತ್ತು, ಇನ್ನೂ ಮರೆತಿಲ್ಲ.

ನದಿಯ ಕಥೆ ನಿಮಗೆ ಗೊತ್ತೇ ಇರುತ್ತದೆ. ವರಾಹ ಪರ್ವತದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ವರಾಹಸ್ವಾಮಿಯ ಕೋರೆಹಲ್ಲುಗಳಿಂದ ಮೊದಲೆರಡು, ಕಣ್ಣಿಂದ ಮೂರನೆಯದು ಅಂತ ನಂಬಿಕೆ. ನಮ್ಮ ತುಂಗೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ಸುತ್ತಿ ಕೂಡ್ಲಿಯಲ್ಲಿ ಭದ್ರೆಯನ್ನು ಸೇರುತ್ತಾಳೆ. ನನ್ನ ತಂಗಿಗೆ ಭದ್ರಾ ಅಂತ ಇಡಲು ಅಪ್ಪ ಹೊರಟಿದ್ದರು, ಅಮ್ಮ ಬಿಡಲಿಲ್ಲ. ಗಂಗಾ ಸ್ನಾನ, ತುಂಗಾ ಪಾನ ಅಂತ ಹೊಸಬರೆಲ್ಲ ನನ್ನೆದುರು ಒಮ್ಮೆಯಾದರೂ ಹೇಳುತ್ತಾರೆ. ಮಗಳಿಗೂ ಅಭ್ಯಾಸವಾಗಲಿ!

ಉಡುಪಿಯಿಂದ: ಅತ್ತೆಯವರು ಸುಮ್ನೆ ಹೇಳುತ್ತಿಲ್ಲ. ಮನುಸ್ಮೃತಿಯ ಮೂರನೇ ಅಧ್ಯಾಯದಲ್ಲಿ ನಕ್ಷತ್ರ, ಮರ, ನದಿಯ ಹೆಸರಿನ ಹುಡುಗಿಯನ್ನು ಮದುವೆಯಾಗಬೇಡ ಅಂತ ಇದೆ. ಆದರೆ ರೋಹಿಣಿ, ರೇವತಿ, ಗಂಗಾ, ಯಮುನಾ ಇಲ್ಲದ ವಂಶವೃಕ್ಷ ಯಾವುದಿದೆ ಹೇಳಿ. ಅವರೆಲ್ಲರಿಗೂ ಮದುವೆಯಾಗಿದೆ, ನಾವೇ ಊಟ ಮಾಡಿ ಬಂದಿದ್ದೇವೆ. ಜಗಳ ಬೇಡ, ನಿಮ್ಮ ಕುಟುಂಬದಲ್ಲೇ ಒಬ್ಬ ರೋಹಿಣಿಯನ್ನು ಹುಡುಕಿ ಅತ್ತೆಗೆ ನೆನಪಿಸಿ.

ಚೆನ್ನೈಯಿಂದ: ನನ್ನ ಮಗಳು ತುಂಗಾ, ನಾಲ್ಕು ವರ್ಷ. ಇಲ್ಲಿನವರು ‘ತೂಂಗಾ’ ಅಂತ ಎಳೆದು ಕರೆಯುತ್ತಾರೆ. ತಮಿಳಿನಲ್ಲಿ ತೂಂಗು ಅಂದರೆ ನಿದ್ದೆ ಮಾಡು, ತೂಂಗಾ ಅಂದರೆ ನಿದ್ದೆ ಮಾಡದ. ಮದುರೈಗೆ ‘ತೂಂಗಾ ನಗರಂ’ ಅನ್ನುವುದು ಅದಕ್ಕೇ. ಮೊದಲ ವರ್ಷ ರಾತ್ರಿ ಎರಡು ಗಂಟೆಗೆ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಹಾಲ್‌ನಲ್ಲಿ ಓಡಾಡುವಾಗ, ಹೆಸರಿಟ್ಟ ತಪ್ಪಿಗೆ ಅನುಭವಿಸು ಅಂತ ನನಗೆ ನಾನೇ ಬೈದುಕೊಂಡಿದ್ದೇನೆ.

ಒಂದು ಮಾತು. ಇಂಗ್ಲಿಷ್ ಸ್ಪೆಲ್ಲಿಂಗನ್ನು ಮೊದಲ ದಿನವೇ ಗಟ್ಟಿ ಮಾಡಿ. ನಮ್ಮದು ಜನನ ಪ್ರಮಾಣಪತ್ರದಲ್ಲಿ ಬರೀ ಟಿ, ಆಧಾರ್‌ನಲ್ಲಿ ಟಿ ಎಚ್. ಸರಿ ಮಾಡಿಸಲು ಮೂರು ಸಲ ಅಲೆದೆವು. ಬರೀ ಟಿ ಇಟ್ಟರೆ ಉತ್ತರದವರು ಟಂಗಾ ಅಂತ ಓದುವುದೂ ಉಂಟು. ನಾನಾಗಿದ್ದರೆ ಎಚ್ ಹಾಕಿಯೇ ಬರೆಸುತ್ತೇನೆ.

ಹಾವೇರಿಯಿಂದ: ನಮ್ಮ ಕಡೆ ಹೊಲದಲ್ಲಿ ತುಂಗೆ ಗಡ್ಡೆ ಅಂತ ಒಂದು ಕಳೆ ಇದೆ. ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ. ಹೆಸರಿಗೆ ಇದಕ್ಕಿಂತ ಒಳ್ಳೆ ಶಿಫಾರಸು ಬೇಕಾ?

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಅತ್ತೆಯವರ ಸ್ವಂತ ತಂಗಿಯೇ ರೋಹಿಣಿ! ನೆನಪಿಸಿದ್ದಕ್ಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬೀನ್ಸ್ ನಾರು ತೆಗೆಯುತ್ತಾ ಕೇಳಿದರು, ‘ಅಕ್ಕಿ ಮೇಲೆ ಬರೆಯುವಾಗ ತುಂಗಾ ಅಂತಲೋ, ತುಂಗೆ ಅಂತಲೋ?’ ಈಗ ಮನೆಯಲ್ಲಿ ಅದೇ ಚರ್ಚೆ.