ಕಳ್ಳನನ್ನು ಕೇಳಿದಿರಾ?

"ಬಡಾವಣೆಯ ನಾಲ್ಕೂ ರಸ್ತೆಗೆ ಗೇಟು ಹಾಕಿಸುತ್ತಿದ್ದೇವೆ ರಾಯರೇ. ಮನೆಗೆ ಐದು ಸಾವಿರ," ಎಂದು ವಿಶ್ವ ರಸೀದಿ ಪುಸ್ತಕ ಬಿಡಿಸಿದ.

"ಕಳ್ಳನನ್ನು ಒಂದು ಮಾತು ಕೇಳಿದಿರಾ?"

"ಅವನನ್ನೇಕೆ ಕೇಳಬೇಕು?"

"ಗೇಟು ಅವನಿಗಾಗಿ ತಾನೇ? ಯೋಜನೆ ಹಾಕುವವರು ನಕ್ಷೆ ನೋಡುತ್ತಾರೆ, ಅವನು ಬೀದಿ ನೋಡುತ್ತಾನೆ. ಎಲ್ಲಿಂದ ನುಗ್ಗಬೇಕು, ಯಾರು ನೋಡುತ್ತಾರೆ, ಎಲ್ಲಿಂದ ಓಡಬೇಕು. ಅಷ್ಟು ಶ್ರದ್ಧೆಯ ಎಂಜಿನಿಯರು ನಮ್ಮಲ್ಲಿ ಇನ್ನೊಬ್ಬನಿಲ್ಲ."

ಸೀನು ಮೊಬೈಲಿನಿಂದ ತಲೆ ಎತ್ತಿದ. "ಅಮೆರಿಕದ ಡೇಟನ್ ನಗರದ ಫೈವ್ ಓಕ್ಸ್ ಬಡಾವಣೆಯಲ್ಲಿ ಆಸ್ಕರ್ ನ್ಯೂಮನ್ ಎಂಬ ವಾಸ್ತುಶಿಲ್ಪಿ ಬೀದಿಗಳಿಗೆ ಗೇಟು ಹಾಕಿಸಿದ ಮೇಲೆ ಅಪರಾಧ ಇಳಿಯಿತಂತೆ."

"ನೋಡಿದಿರಾ!" ಎಂದ ವಿಶ್ವ.

"ಅಲ್ಲಿ ತಡೆದದ್ದು ಕಾರುಗಳನ್ನು. ನಡೆದು ಬರುವವರಿಗೆ ದಾರಿ ತೆರೆದೇ ಇತ್ತು. ನೀನು ಸೊಪ್ಪಿನವಳನ್ನು ತಡೆಯುತ್ತೀಯೆ, ಕಾರಿಗೆ ಸಲಾಮು ಹೊಡೆಸುತ್ತೀಯೆ. ಕಳ್ಳ ಬಂದರೆ ಕಾವಲುಗಾರನ ಪುಸ್ತಕದಲ್ಲಿ ದುಂಡಗೆ ಬರೆಯುತ್ತಾನೆ: ಬಂದ ಕಾರಣ, ಕೊರಿಯರ್."

"ಹಾಗಾದರೆ ಗೇಟೇ ಬೇಡವೇ?"

"ಹಿತ್ತಲಿಗೆ ಹಾಕಿಸು. ಲಿವರ್‌ಪೂಲಿನಲ್ಲಿ ಮನೆಗಳ ಹಿಂದಿನ ಓಣಿಗಳಿಗೆ ಬೀಗ ಬಿದ್ದ ಮೇಲೆ ಕನ್ನ ಹಾಕುವುದು ಕಡಿಮೆಯಾಯಿತು. ನಮ್ಮ ಮಲ್ಲೇಶ್ವರದಲ್ಲೂ ಬಸವನಗುಡಿಯಲ್ಲೂ ಅಂಥ ಓಣಿಗಳಿವೆಯಲ್ಲ, 1898ರ ಪ್ಲೇಗಿನ ಕಾಲದ ಬಡಾವಣೆಗಳಲ್ಲಿ? ಮಲ ಹೊರುವವರು ಮುಂಬಾಗಿಲಿನಲ್ಲಿ ಕಣ್ಣಿಗೆ ಬೀಳಬಾರದೆಂದು ಬಿಟ್ಟದ್ದು. ಯಾರ ಕಣ್ಣಿಗೂ ಬೀಳದ ದಾರಿಯನ್ನು ನಾವೇ ಕಟ್ಟಿಕೊಟ್ಟು, ಕಳ್ಳ ಅಲ್ಲಿಂದ ಬಂದ ಎಂದು ಗೋಳಾಡಿದರೆ?"

"ನಮ್ಮಲ್ಲಿ ಅವನಿಗೆ ದಾರಿ ಸಿಗುವುದೇ ಕಷ್ಟ," ಎಂದ ಸೀನು. "ಏಳನೇ ಕ್ರಾಸ್ ಆದ ಮೇಲೆ ಹನ್ನೊಂದನೇ ಕ್ರಾಸ್. ಪಾಪ, ಯಾರನ್ನಾದರೂ ಕೇಳಿಕೊಂಡೇ ಬರಬೇಕು."

"ಕೇಳಲು ಬೀದಿಯಲ್ಲಿ ಯಾರಿದ್ದಾರೆ? ಎಲ್ಲ ಎಂಟಡಿ ಕಾಂಪೌಂಡಿನ ಹಿಂದೆ. ಒಮ್ಮೆ ಗೋಡೆ ಹಾರಿ ಒಳಗೆ ಬಿದ್ದನೆಂದರೆ ಆ ಗೋಡೆ ಅವನದೇ, ನಿಧಾನವಾಗಿ ಬೀಗ ಒಡೆಯಬಹುದು. ಬೀದಿಯ ಮೇಲೆ ಕಣ್ಣುಗಳಿರಬೇಕು ಎಂದು ನ್ಯೂಯಾರ್ಕಿನ ಜೇನ್ ಜೇಕಬ್ಸ್ 1961ರಲ್ಲಿ ಪುಸ್ತಕ ಬರೆದು ಹೇಳಿದರು. ನಮ್ಮ ಬೀದಿಯಲ್ಲಿ ಅದಕ್ಕೆ ಪುಟ್ಟಜ್ಜಿ ಎನ್ನುತ್ತಿದ್ದರು."

ಪುಟ್ಟಜ್ಜಿ ವಿಶ್ವನ ಅಜ್ಜಿ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತರೆ ಅವರ ಪ್ರಶ್ನೆ ದಾಟಿ ನಾಯಿಯೂ ಮುಂದೆ ಹೋಗುತ್ತಿರಲಿಲ್ಲ: ಯಾರಪ್ಪಾ ನೀನು, ಯಾರ ಮನೆಗೆ? ಸೀನುವಿಗೆ ಹೆಣ್ಣು ಕೊಡಲು ಬಂದಿದ್ದವರು ಆ ವಿಚಾರಣೆಗೆ ಬೆದರಿ ಹಿಂದಿರುಗಿದ್ದರು.

"ಒಳ್ಳೆಯದೇ ಆಯಿತು," ಎಂದ ಸೀನು.

"ಜಗಲಿ ಏನಾಯಿತು ವಿಶ್ವ?"

ವಿಶ್ವ ರಸೀದಿ ಪುಸ್ತಕದ ಅಂಚು ತಿರುವಿದ. "ಕಾರು ನಿಲ್ಲಿಸಲು ಜಾಗ ಬೇಕಾಯಿತಲ್ಲ ರಾಯರೇ. ಕ್ಯಾಮೆರಾ ಹಾಕಿಸಿದ್ದೇನೆ. ಪರದೆ ಅಜ್ಜಿಯ ಮಂಚದ ಎದುರಿಗೇ ಇದೆ, ಹೊತ್ತು ಹೋಗಲಿ ಎಂದು."

"ನೋಡುತ್ತಾರೆಯೇ?"

"ದಿನವಿಡೀ. ಯಾರಾದರೂ ಹಾದುಹೋದರೆ ಪರದೆಗೇ ಕೇಳುತ್ತಾಳೆ, ಯಾರಪ್ಪಾ, ಯಾರ ಮನೆಗೆ ಎಂದು. ಆಮೇಲೆ ನನ್ನನ್ನು ಕೂಗುತ್ತಾಳೆ. ಈಗಿನವರು ಮಾತನಾಡಿಸಿದರೂ ತಿರುಗಿ ನೋಡುವುದಿಲ್ಲವಲ್ಲೋ ಎನ್ನುತ್ತಾಳೆ."