ಮದಾಮ್ ಬ್ಯೂದೆ ಮನೆ ಬಿಟ್ಟು ಹೋಗಬಹುದಿತ್ತಲ್ಲ?

ಸುಧೀಂದ್ರ: ಫ್ರೆಂಚ್ ನಿರ್ದೇಶಕಿ ಜೆರ್ಮೇನ್ ದುಲಾಕ್ ಅವರ 1923ರ ಮೂಕಿ ಚಿತ್ರ 'ಲಾ ಸೂರಿಯಾಂತ್ ಮದಾಮ್ ಬ್ಯೂದೆ' ಬಗ್ಗೆ ನನ್ನದೊಂದೇ ತಕರಾರು. ಗಂಡ ಬಟ್ಟೆ ವ್ಯಾಪಾರಿ, ಒರಟ. ಮಾತೆತ್ತಿದರೆ ಖಾಲಿ ರಿವಾಲ್ವರ್ ಹಣೆಗಿಟ್ಟುಕೊಂಡು ತಮಾಷೆ ಮಾಡ್ತಾನೆ. ಸರಿ, ಅದಕ್ಕೆ ಹೆಂಡತಿ ರಾತ್ರಿ ಎದ್ದು ಅದರಲ್ಲಿ ಗುಂಡು ತುಂಬಿಡೋದಾ? ಹೊರಟೇ ಹೋಗಬಹುದಿತ್ತಲ್ಲ?

ಮಾಲತಿ: ಎಲ್ಲಿಗೆ ಹೋಗ್ತಾಳೆ ಸಾರ್? ಹೆಂಡತಿ ಗಂಡನ ಮಾತು ಕೇಳಲೇಬೇಕು ಅಂತ ಫ್ರಾನ್ಸಿನ ನಾಗರಿಕ ಕಾನೂನಾದ ನೆಪೋಲಿಯನ್ ಸಂಹಿತೆಯ 213ನೇ ವಿಧಿ ಹೇಳುತ್ತಿತ್ತು, ಅದು ಹೋಗಿದ್ದು 1938ರಲ್ಲಿ. ವಿಚ್ಛೇದನ 1884ರಲ್ಲೇ ವಾಪಸ್ ಬಂದಿತ್ತು, ನಿಜ. ಆದರೆ ವ್ಯಭಿಚಾರ, ಹಿಂಸೆ, ಘೋರ ಅವಮಾನ, ಇಂಥದ್ದೇನಾದರೂ ಸಾಬೀತು ಮಾಡಬೇಕು. ಗಂಡ ನನ್ನ ಪಿಯಾನೊಗೆ ಬೀಗ ಜಡಿದ ಅಂದರೆ ಯಾವ ಜಡ್ಜ್ ಕೇಳ್ತಾನೆ? ದುಡಿಯುವ ಹೆಂಗಸಿಗೆ 1907ರಿಂದ ತನ್ನ ಸಂಬಳ ತನ್ನ ಕೈಗೆ ಸಿಗುತ್ತಿತ್ತು. ಇವಳಿಗೆ ಸಂಬಳವೇ ಇಲ್ಲ.

ಪರದೆಪ್ರಿಯ: ಕಾನೂನು ಬಿಡಿ, ಹೂದಾನಿ ನೋಡಿ. ಅವನು ಮೇಜಿನ ನಟ್ಟನಡುವೆ ಇಡ್ತಾನೆ, ಅವಳು ಪಕ್ಕಕ್ಕೆ ಸರಿಸ್ತಾಳೆ. ಜಗಳವಿಲ್ಲ, ಮಾತನ್ನು ಬರೆದು ತೋರಿಸುವ ಅಂತರಶೀರ್ಷಿಕೆಯೂ ಬೇಕಾಗಿಲ್ಲ. ಇಡೀ ಸಂಸಾರ ಅಷ್ಟರಲ್ಲೇ ಮುಗಿಯಿತು. ಪತ್ರಿಕೆಯ ಪುಟದಿಂದ ಟೆನಿಸ್ ಆಟಗಾರ ಎದ್ದು ಬಂದು ಗಂಡನನ್ನು ಎತ್ತಿಕೊಂಡು ಹೋಗುವುದಂತೂ ಅವಳ ಇಡೀ ಸ್ವಾತಂತ್ರ್ಯ. ತಲೆಯೊಳಗಷ್ಟೇ!

ಸುಧೀಂದ್ರ: ನಾನು ನೋಡಿದ ಪ್ರತಿಯಲ್ಲಿ ಆ ಭಾಗ ಕಾಮಿಡಿ ಥರ ಓಡಿಬಿಡ್ತು.

ರೀಲು ಮಾಸ್ತರ್: ಅದು ವೇಗದ ತೊಂದರೆ. ಸೆಕೆಂಡಿಗೆ 18 ಫ್ರೇಮಿನಂತೆ 40 ನಿಮಿಷ ಓಡುವ ಚಿತ್ರವನ್ನು 24ರಲ್ಲಿ ಬಿಟ್ಟರೆ 30 ನಿಮಿಷಕ್ಕೆ ಮುಗಿಯುತ್ತೆ. ನಿಧಾನ ಚಲನೆಗೆಂದೇ ಕ್ಯಾಮೆರಾವನ್ನು ಜೋರಾಗಿ ತಿರುಗಿಸಿ ತೆಗೆದ ಶಾಟು ಮಾಮೂಲಿ ನಡಿಗೆಗೆ ಬಂದುಬಿಡುತ್ತೆ, ಮಾಮೂಲಿ ಶಾಟು ಕುಣಿಯುತ್ತೆ. ಕನಸಿಗೂ ಮನೆಗೂ ವ್ಯತ್ಯಾಸವೇ ಉಳಿಯಲ್ಲ. ಪ್ಲೇಯರ್‌ನಲ್ಲಿ ವೇಗ 0.75ಕ್ಕೆ ಇಳಿಸಿ ನೋಡಿ. ಪ್ರತಿಗೆ ಸಂಗೀತ ಅಂಟಿಸಿದ್ದರೆ ಅದನ್ನು ಮ್ಯೂಟ್ ಮಾಡಿ, ಇಲ್ಲದಿದ್ದರೆ ಅದೂ ಎಳೆಯುತ್ತೆ.

ಸುಧೀಂದ್ರ: ಸರಿ, ನೋಡ್ತೀನಿ. ಆದರೂ ಬೆಳಗ್ಗೆ ಅವಳೇ ಹೆದರಿ ಗುಂಡು ತೆಗೆಯಲು ಒದ್ದಾಡ್ತಾಳಲ್ಲ, ಅದು ಕರ್ತವ್ಯವಾ, ಪ್ರೀತಿಯಾ?

ಮಾಲತಿ: ಎರಡೂ ಅಲ್ಲ, ಭಯ. ಗಂಡ ಈ ಸಲ ತನ್ನ ಹಣೆ ಬಿಟ್ಟು ಅವಳತ್ತ ಗುರಿಯಿಟ್ಟು ಹೊಡೀತಾನೆ, ಗುಂಡು ತಪ್ಪುತ್ತೆ. ಅವಳು ಆತ್ಮಹತ್ಯೆಗೆ ತುಂಬಿಟ್ಟಿದ್ದಳು ಅಂದುಕೊಂಡು ಅಪ್ಪಿಕೊಳ್ತಾನೆ. ಅವಳ ಮುಖ ನೋಡಿ, ಒಂಚೂರೂ ಕರಗಿಲ್ಲ. ತನ್ನನ್ನು ಕೊಲ್ಲಲು ಹೊರಟಿದ್ದಳು ಅನ್ನುವಷ್ಟಾದರೂ ಅವನಿಗೆ ಅರ್ಥವಾಗಿದ್ದರೆ ಅವಳಿಗೆ ಬಿಡುಗಡೆ ಇತ್ತೇನೋ.

ಪರದೆಪ್ರಿಯ: ಅಪ್ಪುಗೆಯ ಹಿಂದೆ ಗೋಡೆಯ ಚೌಕಟ್ಟಿನೊಳಗೆ ಗೊಂಬೆಯಾಟ ಶುರುವಾಗುತ್ತೆ. ಅದನ್ನು ನೋಡಿಯೂ ಸುಖಾಂತ್ಯ ಅನ್ನುವವರಿದ್ದಾರೆ, ಅವರ ಜೊತೆ ವಾದಕ್ಕೆ ನಾನಿಲ್ಲ.